ಸೊಳ್ಳೆ ಹಿಡಿಯೋಕೆ ಎಂ.ಎಸ್ಸಿ. ಯಾಕೆ?

ಪ್ರಶ್ನೆ: ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ಹಾಸನ ಜಿಲ್ಲೆಯ ಒಂದು ಹಳ್ಳಿ. ಕೆಲವು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಚಿಕುನ್‌ಗುನ್ಯಾ ಬಂದು ಮಲಗಿದ್ದರು. ನಮ್ಮಜ್ಜಿಗೆ ಈಗಲೂ ಬೆಳಿಗ್ಗೆ ಎದ್ದ ತಕ್ಷಣ ಬೆರಳು ಮಡಚೋಕೆ ಆಗಲ್ಲ. ಸೊಳ್ಳೆಯಿಂದ ಬರುವ ರೋಗಗಳ ನಿಯಂತ್ರಣದ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಆಗಿನಿಂದ ಆಸೆ. ಮನೆಯಲ್ಲಿ ಹೇಳಿದರೆ ಮಾವ "ಸೊಳ್ಳೆ ಹಿಡಿಯೋಕೆ ಎಂ.ಎಸ್ಸಿ. ಯಾಕಮ್ಮ, ಬ್ಯಾಟು ಸಾಲದಾ?" ಅಂತ ನಗುತ್ತಾರೆ. ಅಮ್ಮನಿಗೆ ನಾನು ಬಿ.ಎಡ್. ಮಾಡಲಿ ಅಂತ. ಇದರಲ್ಲಿ ನಿಜವಾಗಲೂ ಕೆಲಸ ಇದೆಯಾ? ಎಲ್ಲಿ ಸೇರಬೇಕು? ನನಗೆ ಗಣಿತ ಅಷ್ಟಾಗಿ ಬರಲ್ಲ. ವಿದೇಶಕ್ಕೆ ಹೋಗಲೇಬೇಕಾ? ಮಲೇರಿಯಾ ಹೇಗೂ ಕಡಿಮೆ ಆಗ್ತಿದೆ ಅಂತಾರೆ, ಮುಂದೆ ಈ ಕೆಲಸವೇ ಇಲ್ಲದಂತಾದರೆ?

ಉತ್ತರ: ಮೊದಲು ನಿಮ್ಮ ಮಾವನಿಗೆ ಉತ್ತರ ಕೊಟ್ಟುಬಿಡೋಣ. ಮೂವತ್ತು ವರ್ಷ ಸೊಳ್ಳೆ ಹಿಡಿದೇ ಸಂಬಳ ತಗೊಂಡವನು ನಾನು. ಹೆಣ್ಣು ನೋಡೋಕೆ ಹೋದ ಮನೆಯಲ್ಲೂ ಇದೇ ಪ್ರಶ್ನೆ ಕೇಳಿದ್ದರು.

ಕೋಲಾರ ಕಡೆಯ ಕೆಲವು ಹಳ್ಳಿಗಳ ಕಥೆ ಇದು, 1990ರ ದಶಕದ್ದು. ಅಲ್ಲಿ ಮಲೇರಿಯಾ ಜಾಸ್ತಿ ಇತ್ತು. ಮನೆಯೊಳಗಿನ ಗೋಡೆಗೆ ಔಷಧಿ ಹೊಡೆಯೋಕೆ ಹೋದರೆ ಜನ ಒಪ್ಪುತ್ತಿರಲಿಲ್ಲ. ಒಳಗೆ ತಟ್ಟೆಗಳಲ್ಲಿ ರೇಷ್ಮೆ ಹುಳು ಮೇಯುತ್ತಿದ್ದವು. ಸೊಳ್ಳೆ ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಜ್ವರ ಬಂದರೆ ಒಂದು ವಾರ ಮಲಗಿ ಏಳಬಹುದು, ಹುಳು ಸತ್ತರೆ ಆ ಬೆಳೆಯ ದುಡ್ಡೇ ಹೋಯಿತು. ರೈತರ ಲೆಕ್ಕ ತಪ್ಪು ಅನ್ನೋಕೆ ಆಗಲ್ಲ ಅಲ್ವಾ?

ಉಳಿದ ದಾರಿ ಮೀನು. ಗಪ್ಪಿ, ಗಾಂಬೂಸಿಯ ಜಾತಿಯ ಸಣ್ಣ ಮೀನುಗಳು ಸೊಳ್ಳೆ ಮರಿಗಳನ್ನು ತಿನ್ನುತ್ತವೆ. ಆದರೆ ಎಲ್ಲಿ ಬಿಡೋದು? ಬಾವಿಗಾ, ಕೆರೆಗಾ, ಹಳ್ಳಕ್ಕಾ? ಹರಿಯೋ ಹಳ್ಳದಲ್ಲಿ ಮೀನು ನಿಲ್ಲಿಸೋಕೆ ಆಗುತ್ತಾ? ಇಲ್ಲಿಂದ ಸಂಶೋಧನೆ ಶುರು. ಆ ಕಡೆ ಮಲೇರಿಯಾ ಹರಡೋದು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಅನ್ನೋ ಸೊಳ್ಳೆ. ಕಣ್ಣಿಗೆ ಒಂದೇ ಜಾತಿ. ನಿಜದಲ್ಲಿ ಅದು ಐದು ಜಾತಿಗಳ ಗುಂಪು. ಅವಕ್ಕೆ ಎ, ಬಿ, ಸಿ, ಡಿ, ಇ ಅಂತ ಹೆಸರಿಟ್ಟಿದ್ದಾರೆ. ಐದೂ ಅಕ್ಕತಂಗಿಯರಂತೆ, ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಗೊತ್ತಾಗಲ್ಲ. ಆಗಿನ ದಾರಿ ಅಂದರೆ, ಹೆಣ್ಣು ಸೊಳ್ಳೆಯ ಅರ್ಧ ಬಲಿತ ಅಂಡಾಶಯ ತೆಗೆದು, ಗಾಜಿನ ಮೇಲೆ ಒತ್ತಿ, ಬಣ್ಣ ಹಾಕಿ, ವರ್ಣತಂತುವಿನ ಮೇಲಿನ ಪಟ್ಟೆಗಳು ನೆಟ್ಟಗಿವೆಯೋ ತಿರುವುಮುರುವಾಗಿವೆಯೋ ಅಂತ ಓದೋದು. ಈಗ ಡಿಎನ್‌ಎ ನೋಡಿ ಗುರುತಿಸುವ ಪಿಸಿಆರ್ ಪರೀಕ್ಷೆ ಇದೆ. ಈ ಗುಂಪಿನ ಒಗಟು ಬಿಡಿಸಿದವರಲ್ಲಿ ದಿಲ್ಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ಸರಳಾ ಸುಬ್ಬರಾವ್ ಅವರದು ದೊಡ್ಡ ಹೆಸರು.

ಹೀಗೆ ಓದಿದಾಗ ಗೊತ್ತಾಗಿದ್ದು ಇಷ್ಟು. ರೋಗ ಹರಡುವ 'ಎ' ಬೆಳೆಯೋದು ಹೆಚ್ಚಾಗಿ ಬಾವಿಗಳಲ್ಲಿ. ಹಳ್ಳ, ಹೊಳೆಗಳಲ್ಲಿ ತುಂಬಿರೋದು ಅಷ್ಟೇನೂ ರೋಗ ಹರಡದ 'ಬಿ'. ಹಾಗಾದರೆ ಹಳ್ಳದ ಚಿಂತೆ ಬಿಟ್ಟು ಬಾವಿಗೆ ಮೀನು ಬಿಟ್ಟರೆ ಆಯಿತು. ಇದು ಈಗ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ ಅಂತ ಕರೆಸಿಕೊಳ್ಳುವ ಸಂಸ್ಥೆಯ ಬೆಂಗಳೂರು ಘಟಕದವರು ಮಾಡಿದ ಕೆಲಸ. 2001ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕಲಾಜಾಥಾ ಕಟ್ಟಿ, ಹಾಡು, ನಾಟಕದ ಮೂಲಕ ಮೀನಿನ ವಿಷಯ ಊರೂರಿಗೆ ಮುಟ್ಟಿಸಿದವರೂ ಇವರೇ. ಅಷ್ಟಕ್ಕೇ ಬಿಡಲಿಲ್ಲ. ಜಾಥಾ ನೋಡಿದವರಿಗೆ ಎಷ್ಟು ತಲೆಗೆ ಹೋಯಿತು, ನೋಡದವರಿಗೆ ಎಷ್ಟು ಗೊತ್ತಿತ್ತು ಅಂತ ಅಳೆದು ಸಂಶೋಧನಾ ಪ್ರಬಂಧ ಬರೆದರು. ಮಾವನಿಗೆ ಹೇಳಿ, ಬ್ಯಾಟಿಗೆ ಸಿಕ್ಕಿದ್ದೆಲ್ಲ ಸೊಳ್ಳೆಯೇ. ಅದು 'ಎ'ನೋ 'ಬಿ'ನೋ ಹೇಳೋಕೆ ಎಂ.ಎಸ್ಸಿ. ಬೇಕು.

ನಾನು ಹೇಳಬೇಕಾದ ಮುಖ್ಯ ಮಾತು ಇದರಲ್ಲೇ ಇದೆ. ಸೊಳ್ಳೆ ಅಂತ ಒಂದೇ ಪ್ರಾಣಿ ಇಲ್ಲ. ಜಗತ್ತಿನಲ್ಲಿ 3,500ಕ್ಕೂ ಹೆಚ್ಚು ಜಾತಿಗಳಿವೆ, ನಮ್ಮ ದೇಶದಲ್ಲೇ ಸುಮಾರು 400. ನಿಮ್ಮಜ್ಜಿಗೆ ಕಚ್ಚಿದ್ದು ಈಡಿಸ್. ಹಗಲು ಕಚ್ಚುತ್ತದೆ, ಡ್ರಮ್ಮಿನ ತಿಳಿನೀರಲ್ಲಿ ಮೊಟ್ಟೆ ಇಡುತ್ತದೆ, ಬಟ್ಟೆ ನೇತುಹಾಕಿದ ಮೂಲೆಯಲ್ಲೋ ಮಂಚದ ಕೆಳಗೋ ಕೂತಿರುತ್ತದೆ. ಮಲೇರಿಯಾದ ಅನಾಫಿಲಿಸ್ ರಾತ್ರಿ ಕಚ್ಚುವಂಥದ್ದು. ಆನೆಕಾಲು ರೋಗದ ಕ್ಯುಲೆಕ್ಸ್‌ಗೆ ಚರಂಡಿಯೇ ಇಷ್ಟ. ಮೆದುಳು ಜ್ವರ ತರುವ ಇನ್ನೊಂದು ಕ್ಯುಲೆಕ್ಸ್ ಬೇಕಾದರೆ ಭತ್ತದ ಗದ್ದೆಗೆ ಹೋಗಿ. ಒಂದಕ್ಕೆ ಹಿಡಿಸಿದ ಮದ್ದು ಇನ್ನೊಂದಕ್ಕೆ ಹಿಡಿಸಲ್ಲ. ಡೆಂಗಿ ಬಂತು ಅಂದ ಕೂಡಲೇ ಬೀದಿಯಲ್ಲಿ ಹೊಗೆ ಬಿಡುವ ಗಾಡಿ ಓಡಿಸುತ್ತಾರಲ್ಲ, ಆಗ ಈಡಿಸ್ ಮನೆಯೊಳಗೆ ಸೀರೆಯ ಮರೆಯಲ್ಲಿ ಆರಾಮಾಗಿ ಕೂತಿರುತ್ತದೆ. ಏನೋ ಮಾಡಿದರು ಅನ್ನೋ ಸಮಾಧಾನ ಜನರಿಗೆ. ಮಾಡಿದ್ದಕ್ಕೆ ಫೋಟೋ ಸಾಕ್ಷಿ ಕಚೇರಿಗೆ.

ಈಗಿನ ಹುಡುಗ ಹುಡುಗಿಯರು ಸಂಶೋಧನೆ ಅಂದರೆ ಜೀನು, ಲ್ಯಾಬು, ದೊಡ್ಡ ಯಂತ್ರ ಅಂದುಕೊಂಡಿರುತ್ತಾರೆ. ಅದೂ ಬೇಕು. ಆದರೆ ನನ್ನ ಅನುಭವದಲ್ಲಿ ಡಿಎನ್‌ಎ ಓದೋಕೆ ಬರುವವರು ಹತ್ತು ಜನ ಸಿಕ್ಕರೆ, ಕೊಟ್ಟಿಗೆಗೆ ಹೋಗಿ ಸೊಳ್ಳೆ ಹಿಡಿದು ಇದು ಇಂಥದ್ದೇ ಅನ್ನುವವರು ಒಬ್ಬರು ಸಿಗೋದೂ ಕಷ್ಟ. ನೀವು ಆ ಒಬ್ಬರಾಗಿ. ಆಮೇಲೆ ಜೀನಿನ ಕಡೆ ಹೋದರೂ ಈ ಕಣ್ಣು ನಿಮ್ಮ ಜೊತೆಗಿರುತ್ತದೆ.

ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಬೆಳಿಗ್ಗೆ ಐದೂವರೆ, ಆರಕ್ಕೆ ಹಳ್ಳಿಯಲ್ಲಿರಬೇಕು. ಹೊತ್ತೇರಿದರೆ ಸೊಳ್ಳೆಗಳು ಜಾಗ ಬದಲಿಸುತ್ತವೆ, ಜನ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಾರೆ. ಕೈಯಲ್ಲಿ ಒಂದು ಟಾರ್ಚು, ಒಂದು ಹೀರು ನಳಿಕೆ. ಗಾಜಿನ ಕೊಳವೆ, ಅದಕ್ಕೊಂದು ರಬ್ಬರ್ ಪೈಪು, ನಡುವೆ ಬಲೆ ಬಟ್ಟೆಯ ತುಂಡು. ಆ ಬಟ್ಟೆ ಇಲ್ಲದಿದ್ದರೆ ಸೊಳ್ಳೆ ನೇರ ನಿಮ್ಮ ಗಂಟಲಿಗೆ. ಒಂದು ಮನೆಗೆ ಹತ್ತೋ ಹದಿನೈದೋ ನಿಮಿಷ ಅಂತ ಲೆಕ್ಕ ಇಟ್ಟುಕೊಂಡು ಗೋಡೆ, ತೊಲೆ, ಕೊಟ್ಟಿಗೆಯ ಮೂಲೆ ಎಲ್ಲ ಹುಡುಕಬೇಕು. ಅನಾಫಿಲಿಸ್ ಆದರೆ ಗೋಡೆಗೆ ಮೊಳೆ ಚುಚ್ಚಿದ ಹಾಗೆ ಓರೆಯಾಗಿ ಕೂರುತ್ತದೆ. ಕ್ಯುಲೆಕ್ಸ್ ಗೂನುಬೆನ್ನು ಮಾಡಿಕೊಂಡು ಗೋಡೆಗೆ ಸಮನಾಗಿ. ಮೂರು ತಿಂಗಳಲ್ಲಿ ಟಾರ್ಚಿನ ಬೆಳಕಲ್ಲೇ ಗುರುತು ಸಿಗೋಕೆ ಶುರುವಾಗುತ್ತದೆ.

ಲ್ಯಾಬಿಗೆ ಬಂದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಉಪ್ಪುನೀರು, ಅದರಲ್ಲಿ ಸೊಳ್ಳೆ, ಎರಡು ಸೂಜಿ. ಹೊಟ್ಟೆಯ ಕೊನೆಯ ಎರಡು ಉಂಗುರವನ್ನು ಮೆಲ್ಲಗೆ ಎಳೆದರೆ ಕರುಳು, ಅಂಡಾಶಯ ಎಲ್ಲ ಹೊರಗೆ ಜಾರಿ ಬರುತ್ತವೆ. ಜೋರಾಗಿ ಎಳೆದರೆ ಕರುಳು ತುಂಡಾಗುತ್ತದೆ, ಆ ಸೊಳ್ಳೆ ವ್ಯರ್ಥ. ಮೊದಲ ನೂರು ಸೊಳ್ಳೆ ಎಲ್ಲರಿಗೂ ವ್ಯರ್ಥವೇ, ಬೇಜಾರು ಮಾಡಿಕೊಳ್ಳಬೇಡಿ. ಅಂಡಾಶಯದ ಮೇಲೆ ಕೂದಲಿಗಿಂತ ತೆಳ್ಳಗಿನ ಉಸಿರ್ನಾಳಗಳು ಇರುತ್ತವೆ. ಒಮ್ಮೆಯೂ ಮೊಟ್ಟೆ ಇಡದ ಸೊಳ್ಳೆಯಲ್ಲಿ ಅವು ಸುರುಳಿ ಸುತ್ತಿಕೊಂಡಿರುತ್ತವೆ. ಒಂದು ಸಲ ಮೊಟ್ಟೆ ಇಟ್ಟರೆ ಸುರುಳಿ ಬಿಚ್ಚಿಹೋಗುತ್ತದೆ, ಮತ್ತೆ ಸುತ್ತಿಕೊಳ್ಳಲ್ಲ. ಹೀಗೆ ಸೊಳ್ಳೆಯ ವಯಸ್ಸು ಅಂದಾಜು ಮಾಡುತ್ತೇವೆ. ವಯಸ್ಸು ಯಾಕೆ ಅಂತೀರಾ? ಅಲ್ಲೇ ನಿಮ್ಮ ಗಣಿತ ಇದೆ, ಬರುತ್ತೇನೆ.

ಅದಕ್ಕೂ ಮೊದಲು ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂರು ತಿಂಗಳು ಹಿಡಿದ ಸೊಳ್ಳೆಗಳನ್ನು ಸಣ್ಣ ಸೀಸೆಗಳಲ್ಲಿ ಆಲ್ಕೋಹಾಲ್ ಹಾಕಿ ಇಟ್ಟಿದ್ದೆ. ಪ್ರತಿ ಸೀಸೆಯೊಳಗೆ ಊರು, ಮನೆ, ತಾರೀಕು ಬರೆದ ಚೀಟಿ. ಬರೆದಿದ್ದು ಬಾಲ್‌ಪೆನ್ನಲ್ಲಿ. ತೆಗೆದು ನೋಡಿದರೆ ಚೀಟಿಗಳೆಲ್ಲ ಬೆಳ್ಳಗೆ, ಆಲ್ಕೋಹಾಲ್ ತೆಳು ನೀಲಿ. ನೂರಾರು ಸೊಳ್ಳೆ, ಒಂದಕ್ಕೂ ಊರಿಲ್ಲ. ಸಾಹೇಬರು ಬೈಯಲಿಲ್ಲ, ಸುಮ್ನೆ ಒಂದು ಸೀಸದಕಡ್ಡಿ ತಂದು ಮೇಜಿನ ಮೇಲಿಟ್ಟು ಹೋದರು.

ಈಗ ಗಣಿತ. ಮಲೇರಿಯಾ ರೋಗಿಗೆ ಕಚ್ಚಿದ ಸೊಳ್ಳೆ ಮರುದಿನವೇ ರೋಗ ಹರಡಲ್ಲ. ಪರಾವಲಂಬಿ ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲುಗ್ರಂಥಿಗೆ ಬರೋಕೆ ಸುಮಾರು 10ರಿಂದ 14 ದಿನ ಬೇಕು. ಅಷ್ಟು ದಿನ ಸೊಳ್ಳೆ ಬದುಕಿರಬೇಕಲ್ಲ? 100 ಸೊಳ್ಳೆ ಇವೆ ಅಂದುಕೊಳ್ಳಿ. ದಿನಕ್ಕೆ 100ಕ್ಕೆ 90 ಬದುಕಿ ಉಳಿಯುತ್ತವೆ ಅಂದರೆ 10 ದಿನದ ಕೊನೆಗೆ ಸುಮಾರು 35 ಇರುತ್ತವೆ. 0.9 ಅನ್ನು ಹತ್ತು ಸಲ ಗುಣಿಸಿ ನೋಡಿ. ಈಗ ನಿಮ್ಮ ಮುಂದೆ ಎರಡು ದಾರಿ. ಒಂದು, ನೀರಿನಲ್ಲಿರುವ ಮರಿಗಳಲ್ಲಿ ಅರ್ಧದಷ್ಟು ಕೊಲ್ಲೋದು. 50 ಸೊಳ್ಳೆಯಿಂದ ಶುರುವಾಗಿ ಹತ್ತನೇ ದಿನ 17 ಅಥವಾ 18 ಉಳಿಯುತ್ತವೆ. ಇನ್ನೊಂದು, ಔಷಧಿ ಹಚ್ಚಿದ ಪರದೆಯೋ ಗೋಡೆಯ ಔಷಧಿಯೋ ಬಳಸಿ ದೊಡ್ಡ ಸೊಳ್ಳೆಗಳ ಉಳಿವನ್ನು 90ರಿಂದ 80ಕ್ಕೆ ಇಳಿಸೋದು. ಆಗ 100ರಲ್ಲಿ ಉಳಿಯೋದು 11 ಮಾತ್ರ. ದಿನಕ್ಕೆ ಹತ್ತರಷ್ಟು ಇಳಿಸಿದ್ದು ಅರ್ಧದಷ್ಟು ಮರಿ ಕೊಂದಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು! ಬ್ರಿಟನ್ನಿನ ಮಲೇರಿಯಾ ವಿಜ್ಞಾನಿ ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ತೋರಿಸಿದ್ದು ಇದನ್ನೇ. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿದ ಮಲೇರಿಯಾ ಪ್ರಕರಣಗಳಲ್ಲಿ ಶೇ. 68ರಷ್ಟು ಔಷಧಿ ಪರದೆಗಳಿಂದ ಅಂತ ಆಮೇಲೆ ಲೆಕ್ಕ ಸಿಕ್ಕಿತು.

ಹಾಗಾದರೆ ಕೋಲಾರದ ಮೀನು ಹೇಗೆ ಗೆದ್ದಿತು ಅಂತ ಕೇಳಬೇಕು ನೀವು. ಕೇಳಿದರೆ ನಿಮಗೆ ಗಣಿತ ಬರುತ್ತದೆ ಅಂತಲೇ ಅರ್ಥ. ಬಾವಿಗಳನ್ನು ಎಣಿಸಬಹುದು. ಅರ್ಧ ಅಲ್ಲ, ಹೆಚ್ಚುಕಡಿಮೆ ಎಲ್ಲ ಬಾವಿಗೂ ಮೀನು ಬಿಡಬಹುದು. ಮಳೆಗಾಲದ ಗದ್ದೆಯಲ್ಲಿ ಅದು ಆಗದ ಮಾತು. ಈ ಕೆಲಸಕ್ಕೆ ಬೇಕಾದ ಗಣಿತ ಮುಕ್ಕಾಲುಪಾಲು ಇಂಥದ್ದೇ. ಅದರ ಮೇಲೆ ಸಂಖ್ಯಾಶಾಸ್ತ್ರ ಸ್ವಲ್ಪ, ಆರ್ ಅನ್ನೋ ಉಚಿತ ಸಾಫ್ಟ್‌ವೇರ್ ಸ್ವಲ್ಪ. ಒಂದು ರಜೆಯಲ್ಲಿ ಕಲಿಯಬಹುದು. ಗಣಿತವೇ ಇಷ್ಟ ಇರುವವರಿಗೆ ಬೇರೆಯದೇ ಬಾಗಿಲಿದೆ. ಮಳೆ, ಉಷ್ಣಾಂಶ, ಹಿಂದಿನ ಪ್ರಕರಣ ಎಲ್ಲ ಸೇರಿಸಿ ಮುಂದಿನ ವಾರಗಳ ಡೆಂಗಿ ಎಲ್ಲಿ ಏರುತ್ತೆ ಅಂತ ಅಂದಾಜು ಮಾಡುವ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಅನ್ನೋ ತಂತ್ರಜ್ಞಾನ ಕೇಂದ್ರ ರಾಜ್ಯದ ಆರೋಗ್ಯ ಇಲಾಖೆ ಜೊತೆ ಇದನ್ನು ಮಾಡುತ್ತಿದೆ. ಅಲ್ಲಿ ಕಂಪ್ಯೂಟರ್ ಓದಿದವರೂ ಸೊಳ್ಳೆ ಸಂಶೋಧಕರೇ.

ಎಲ್ಲಿ ಸೇರಬೇಕು ಅನ್ನೋದಕ್ಕೆ ಬರೋಣ. ಪುದುಚೇರಿಯಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಇದೆ, 1975ರಲ್ಲಿ ಶುರುವಾಗಿದ್ದು. ಎಲ್ಲರೂ ವಿಸಿಆರ್‌ಸಿ ಅಂತಾರೆ. ಅಲ್ಲಿ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದಲ್ಲೇ ಎರಡು ವರ್ಷದ ಎಂ.ಎಸ್ಸಿ. ಇದೆ, ಪಾಂಡಿಚೇರಿ ವಿಶ್ವವಿದ್ಯಾಲಯದ ಪದವಿ. ಬಿ.ಎಸ್ಸಿ. ಓದುತ್ತಿರುವ ನಿಮ್ಮ ಕಾಲೇಜಿನ ತಂಗಿಯರಿಗೆ ಹೇಳಿ, ಅವರಿಗೆ ಇದೇ ನೇರ ದಾರಿ. ನೀವು ಈಗಾಗಲೇ ಎಂ.ಎಸ್ಸಿ. ಮುಗಿಸುತ್ತಿದ್ದೀರಿ, ಇನ್ನೊಂದು ಮಾಡೋದು ಬೇಡ ಅಂತ ನನ್ನ ಅಭಿಪ್ರಾಯ. ನೀವು ಬರೆಯಬೇಕಾದ್ದು ಜೆಆರ್‌ಎಫ್ ಪರೀಕ್ಷೆ, ಅಂದರೆ ಸಂಶೋಧನೆ ಮಾಡುವಾಗ ತಿಂಗಳು ತಿಂಗಳು ಶಿಷ್ಯವೇತನ ಕೊಡಿಸುವ ಪರೀಕ್ಷೆ. ಸಿಎಸ್‌ಐಆರ್-ಯುಜಿಸಿ ನೆಟ್ ಇದೆ, ಐಸಿಎಂಆರ್‌ನದೇ ಒಂದು ಇದೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ)ಯದು ಒಂದು. ಮೂರಕ್ಕೂ ಓದೋದು ಹೆಚ್ಚುಕಡಿಮೆ ಒಂದೇ, ಆದ್ದರಿಂದ ಮೂರನ್ನೂ ಬರೆಯಿರಿ. ಪಾಸಾದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜೊತೆಗೆ ಮನೆ ಬಾಡಿಗೆ ಭತ್ಯೆ. 2023ರಿಂದ ಈ ದರ ಜಾರಿಯಲ್ಲಿದೆ. ಅಮ್ಮನಿಗೆ ಈ ಸಾಲು ಓದಿ ಹೇಳಿ.

ಪಿಎಚ್.ಡಿ. ಮಾಡೋಕೆ ವಿಸಿಆರ್‌ಸಿ, ದಿಲ್ಲಿಯ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ, ವೈರಸ್ ಕಡೆ ಒಲವಿದ್ದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಮನೆಗೆ ಹತ್ತಿರ ಬೇಕು ಅಂದರೆ ಮಲೇರಿಯಾ ಸಂಸ್ಥೆಯ ಬೆಂಗಳೂರು ಘಟಕ ದೇವನಹಳ್ಳಿ ಕಡೆ ಇದೆ. ಜೀನಿನ ಕೆಲಸಕ್ಕೆ ಬೆಂಗಳೂರಿನಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿ ಇದೆ, ಅಲ್ಲೂ ಸೊಳ್ಳೆ ಸಾಕುತ್ತಾರೆ. ಸೊಳ್ಳೆ ಸಾಕೋದು ಅಂದಾಗ ನಗಬೇಡಿ, ಅದೂ ಒಂದು ವಿದ್ಯೆ. 27 ಡಿಗ್ರಿ ಶಾಖ, ತೇವ ತುಂಬಿದ ಕೋಣೆ, ಗಂಡಿಗೆ ಸಕ್ಕರೆ ನೀರು, ಹೆಣ್ಣಿಗೆ ಮೊಟ್ಟೆ ಕಟ್ಟೋಕೆ ರಕ್ತ. ಮರಿಗಳಿಗೆ ನಾಯಿ ಬಿಸ್ಕತ್ತಿನ ಪುಡಿಗೆ ಯೀಸ್ಟ್ ಬೆರೆಸಿ ಹಾಕುತ್ತೇವೆ. ಒಂದು ಚಿಟಿಕೆ ಜಾಸ್ತಿ ಆದರೆ ನೀರು ಕೊಳೆತು ಎಲ್ಲ ಸಾಯುತ್ತವೆ.

ಕಹಿಯನ್ನೂ ಹೇಳಬೇಕು. ಜೆಆರ್‌ಎಫ್ ಸಿಗದಿದ್ದರೆ ಮೊದಲು ಸಿಗೋದು ಪ್ರಾಜೆಕ್ಟ್ ಕೆಲಸ. ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಸಂಬಳ ತಡವಾಗೋದೂ ಉಂಟು. ಜಿಲ್ಲೆಗಳ ಆರೋಗ್ಯ ಇಲಾಖೆಯಲ್ಲಿ ಕೀಟಶಾಸ್ತ್ರಜ್ಞರ ಕೆಲಸ ಇದೆ, ಅದರಲ್ಲೂ ಗುತ್ತಿಗೆಯವು ಇವೆ. ಪಿಎಚ್.ಡಿ. ಆದ ಮೇಲೂ ಖಾಯಂ ಹುದ್ದೆಗೆ ಕೆಲವು ವರ್ಷ ಕಾಯಬೇಕಾಗಬಹುದು. ಬಿ.ಎಡ್. ಮಾಡಿದರೆ ಬೇಗ ನೆಲೆ ಸಿಗುತ್ತೆ ಅಂತ ನಿಮ್ಮಮ್ಮ ಹೇಳಿದರೆ ಅದು ಸುಳ್ಳಲ್ಲ. ಮುಂಜಾನೆ ಕತ್ತಲಲ್ಲಿ ಹುಡುಗಿ ಹಳ್ಳಿ ಸುತ್ತಬೇಕಾ ಅಂತಲೂ ಕೇಳುತ್ತಾರೆ. ಒಬ್ಬರೇ ಹೋಗಲ್ಲ, ಜೀಪಿನಲ್ಲಿ ತಂಡವಾಗಿ ಹೋಗೋದು, ಜೊತೆಗೆ ಊರಿನ ಆಶಾ ಕಾರ್ಯಕರ್ತೆ ಇರುತ್ತಾರೆ. ಇನ್ನೊಂದು ಮಾತು, ಕೋಣೆಯೊಳಗೆ ಮಂಚದ ಕೆಳಗೆ ಟಾರ್ಚು ಬಿಡೋಕೆ ಮನೆಯ ಹೆಂಗಸರು ನನ್ನನ್ನು ಬಿಡುತ್ತಿರಲಿಲ್ಲ. ನನ್ನ ಸಹೋದ್ಯೋಗಿ ಹೆಣ್ಣುಮಕ್ಕಳಿಗೆ ಕಾಫಿ ಕೊಟ್ಟು ಕೂರಿಸಿ ಬಿಡುತ್ತಿದ್ದರು. ಈಡಿಸ್ ಸಿಗೋದು ಆ ಮಂಚದ ಕೆಳಗೇ.

ಜನರ ವಿಷಯ ಬಂತಲ್ಲ, ಸೊಳ್ಳೆ ಸಂಶೋಧನೆಗೆ ಬರುವ ಎಲ್ಲರಿಗೂ ನಾನು ಹೇಳುವ ಒಂದು ಹಳೇ ಪ್ರಕರಣ ಇದೆ. 1970ರಿಂದ ದಿಲ್ಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ಸೊಳ್ಳೆಗಳ ತಳಿ ನಿಯಂತ್ರಣದ ಒಂದು ಘಟಕ ನಡೆಸುತ್ತಿದ್ದವು. ಗಂಡು ಸೊಳ್ಳೆಗಳನ್ನು ಬಂಜೆ ಮಾಡಿ ಬಿಡೋದು, ಅವು ಕೂಡಿದ ಹೆಣ್ಣುಗಳ ಮೊಟ್ಟೆ ಒಡೆಯಲ್ಲ, ಸಂತತಿ ಕಡಿಮೆಯಾಗುತ್ತೆ. ಉಪಾಯ ಚೆನ್ನಾಗಿತ್ತು, ವಿಜ್ಞಾನಿಗಳೂ ಒಳ್ಳೆಯವರು. ಆದರೆ ದುಡ್ಡು ಅಮೆರಿಕದ್ದು. ಇದು ಜೈವಿಕ ಯುದ್ಧದ ತಯಾರಿ ಇರಬಹುದು ಅಂತ ಪತ್ರಿಕೆಯಲ್ಲಿ ಬಂತು, ಸಂಸತ್ತಿನವರೆಗೆ ಹೋಯಿತು. ಹರಿಯಾಣದ ಸೋನಿಪತ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಬಿಡಬೇಕು ಅನ್ನುವಷ್ಟರಲ್ಲಿ, 1975ರಲ್ಲಿ ಇಡೀ ಯೋಜನೆ ನಿಂತುಹೋಯಿತು. ಹಾರುವ ಸೊಳ್ಳೆ ಬಿಡುತ್ತೇವೆ ಅಂದಾಗ ಜನ ಯಾಕೆ, ಯಾರು, ಏನು ಲಾಭ ಅಂತ ಕೇಳೇ ಕೇಳುತ್ತಾರೆ. ಅದಕ್ಕೆ ಮೊದಲೇ ಸರಿಯಾದ ಉತ್ತರ ಕೊಟ್ಟಿರಲಿಲ್ಲ.

ಈಗ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಬಂದಿದೆ. ವೊಲ್ಬಾಕಿಯ ಅನ್ನೋ ಬ್ಯಾಕ್ಟೀರಿಯಾ ಹಣ್ಣಿನ ನೊಣದಲ್ಲಿ ತಾನಾಗೇ ಇರುತ್ತದೆ, ಈಡಿಸ್ ಈಜಿಪ್ಟಿಯಲ್ಲಿ ಇರಲ್ಲ. ಅದನ್ನು ಈ ಸೊಳ್ಳೆಯ ಮೊಟ್ಟೆಗೆ ಸೇರಿಸಿದರೆ ಡೆಂಗಿ ವೈರಸ್ ಅದರೊಳಗೆ ಚೆನ್ನಾಗಿ ಬೆಳೆಯಲ್ಲ, ಈ ಬ್ಯಾಕ್ಟೀರಿಯಾ ತಾಯಿ ಸೊಳ್ಳೆಯಿಂದ ಮರಿಗಳಿಗೂ ಬರುತ್ತದೆ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಇಂಥ ಸೊಳ್ಳೆ ಬಿಟ್ಟ ಬಡಾವಣೆಗಳಲ್ಲಿ ಡೆಂಗಿ ಶೇ. 77ರಷ್ಟು ಕಡಿಮೆ ಅಂತ 2021ರಲ್ಲಿ ವರದಿ ಬಂತು. ವಿಸಿಆರ್‌ಸಿಯೂ ಪುದುಚೇರಿಯ ಈಡಿಸ್‌ನಲ್ಲಿ ಎರಡು ಬಗೆಯ ವೊಲ್ಬಾಕಿಯ ತಳಿ ಮಾಡಿಟ್ಟಿದೆ. ಇದನ್ನು ಯಾವ ಊರಲ್ಲಿ, ಯಾರ ಒಪ್ಪಿಗೆ ಪಡೆದು, ಹೇಗೆ ವಿವರಿಸಿ ಬಿಡೋದು? ಇದಕ್ಕೆ ಸಮಾಜಶಾಸ್ತ್ರ ಓದಿದವರು ಬೇಕು, ಅಚ್ಚ ಕನ್ನಡದಲ್ಲಿ ಹೇಳೋಕೆ ಬರುವವರು ಬೇಕು. ಇಂಗ್ಲಿಷ್ ಸರಾಗ ಅಲ್ಲ ಅಂತ ನಿಮಗೆ ಅಳುಕಿದ್ದರೆ, ಹಳ್ಳಿಯ ಪಡಸಾಲೆಯಲ್ಲಿ ಕೂತು ಮಾತಾಡುವ ನಿಮ್ಮ ಕನ್ನಡ ಇಲ್ಲಿ ಪ್ಲಸ್ ಪಾಯಿಂಟು.

ವಿದೇಶಕ್ಕೆ ಹೋಗಲೇಬೇಕಾ? ಹೋಗಬೇಕಿಲ್ಲ. ಹೋದರೆ ಒಳ್ಳೆಯದು, ಅದೂ ಪಿಎಚ್.ಡಿ. ಆದ ಮೇಲೆ. ಲಿವರ್‌ಪೂಲ್‌ನ ಉಷ್ಣವಲಯ ವೈದ್ಯ ಶಾಲೆ 1898ರದು, ಲಂಡನ್ನಿನದು 1899ರದು, ಬಾಸೆಲ್‌ನಲ್ಲಿ ಒಂದಿದೆ. ಆದರೆ ನಾನು ನಿಮಗೆ ತೋರಿಸೋದು ಆಫ್ರಿಕಾ. ಕಾರಣ ಇದೆ. ಅನಾಫಿಲಿಸ್ ಸ್ಟೀಫೆನ್ಸಿ ನಮ್ಮ ಪಟ್ಟಣಗಳ ಮಲೇರಿಯಾ ಸೊಳ್ಳೆ. ಮಂಗಳೂರಿನ ಕಟ್ಟಡ ಕೆಲಸದ ನೀರಿನ ತೊಟ್ಟಿಗಳಲ್ಲಿ, ತಾರಸಿಯ ಟ್ಯಾಂಕುಗಳಲ್ಲಿ ಬೆಳೆಯುವಂಥದ್ದು. ಇದು 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿಕೊಂಡಿತು, 2016ರಲ್ಲಿ ಇಥಿಯೋಪಿಯಾದಲ್ಲಿ. 2022ರಲ್ಲಿ ಅಲ್ಲಿನ ದಿರೆ ದಾವಾ ಪಟ್ಟಣದಲ್ಲಿ ಬೇಸಿಗೆಯಲ್ಲೂ ಮಲೇರಿಯಾ ಏರಿತು. ಆಫ್ರಿಕಾದಲ್ಲಿ ಮಲೇರಿಯಾ ಅಂದರೆ ಹಳ್ಳಿಯ ಕಾಯಿಲೆ, ಮಳೆಗಾಲದ ಕಾಯಿಲೆ. ಟ್ಯಾಂಕಿನ ಸೊಳ್ಳೆ ಅವರಿಗೆ ಹೊಸದು, ನಮಗೆ ನೂರು ವರ್ಷದ ಪರಿಚಯ. ಇದರ ಒಂದು ಬಗೆಗೆ ನಮ್ಮ ಮೈಸೂರಿನ ಹೆಸರೇ ಇದೆ, 'ಮೈಸೊರೆನ್ಸಿಸ್' ಅಂತ. 1937ರಲ್ಲಿ ಸ್ವೀಟ್ ಮತ್ತು ರಾವ್ ಅನ್ನೋರು ಕೊಟ್ಟಿದ್ದು. ಅನಾಫಿಲಿಸ್ ಮೊಟ್ಟೆಯ ಎರಡು ಪಕ್ಕದಲ್ಲಿ ತೇಲೋಕೆ ದೋಣಿಯ ರೆಕ್ಕೆಯಂಥದ್ದು ಇರುತ್ತದೆ. ಅದರ ಮೇಲಿನ ಗೆರೆಗಳನ್ನು ಎಣಿಸಿದರೆ ಪಟ್ಟಣದ ಬಗೆಗೆ ಜಾಸ್ತಿ, ಮೈಸೊರೆನ್ಸಿಸ್‌ಗೆ ಕಡಿಮೆ. ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್, ಅದರ ಮೇಲೆ ಗೆರೆ ಎಣಿಸಿದ್ದಾರೆ ನೋಡಿ! ಈಗಲೂ ಇಥಿಯೋಪಿಯಾ, ಇರಾನಿನ ಪ್ರಬಂಧಗಳಲ್ಲಿ ಆ ಹೆಸರು ಓದಿದಾಗ ನನಗೆ ಊರವರು ಸಿಕ್ಕ ಹಾಗಾಗುತ್ತದೆ.

ಕೊನೆಯದು, ಕೆಲಸವೇ ಇಲ್ಲದಂತಾದರೆ? ನಮ್ಮ ದೇಶಕ್ಕೆ ಈ ಪ್ರಶ್ನೆ ಹೊಸದಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ವರ್ಷಕ್ಕೆ ಅಂದಾಜು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು. ಡಿಡಿಟಿ ಅನ್ನೋ ಕೀಟನಾಶಕ ಬಂತು, 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು, 1965ರ ಹೊತ್ತಿಗೆ ಪ್ರಕರಣ ಒಂದು ಲಕ್ಷಕ್ಕೆ ಇಳಿಯಿತು. ಮುಗಿಯಿತು ಅಂದುಕೊಂಡರು. ನಿಗಾ ಸಡಿಲವಾಯಿತು, ಸೊಳ್ಳೆ ಡಿಡಿಟಿಗೆ ಬಗ್ಗದಾಯಿತು. 1976ರಲ್ಲಿ 64 ಲಕ್ಷ. ಈಗ ಮತ್ತೆ ಕಡಿಮೆ ಆಗಿದೆ, 2030ಕ್ಕೆ ಪೂರ್ತಿ ತೊಲಗಿಸುವ ಗುರಿ ಇದೆ. ಆದರೆ ಪ್ರಕರಣ ಕಡಿಮೆ ಆದಷ್ಟೂ ಉಳಿದದ್ದನ್ನು ಹುಡುಕೋದು ಕಷ್ಟ, ಆಗಲೇ ಜಾಸ್ತಿ ಪರಿಣತರು ಬೇಕು. ಡೆಂಗಿಯಂತೂ ಇಳಿಯುವ ಲಕ್ಷಣ ಇಲ್ಲ. 2024ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಕೆಲಸ ಇರುತ್ತೆ, ಚಿಂತೆ ಬೇಡ.

ಪರೀಕ್ಷೆಗೆ ಇನ್ನೂ ಸಮಯ ಇದೆಯಲ್ಲ, ಅಷ್ಟರಲ್ಲಿ ಮನೆಯಲ್ಲೇ ಒಂದು ಕೆಲಸ ಶುರು ಮಾಡಿ. 1883ರಲ್ಲಿ ರೊನಾಲ್ಡ್ ರಾಸ್ ಬೆಂಗಳೂರಿನಲ್ಲಿ ಸೇನೆಯ ವೈದ್ಯನಾಗಿದ್ದಾಗ ಅವನ ಕೋಣೆಯಲ್ಲಿ ಸೊಳ್ಳೆ ಜಾಸ್ತಿ. ನೋಡಿದರೆ ಕಿಟಕಿ ಪಕ್ಕದ ನೀರಿನ ತೊಟ್ಟಿಯಲ್ಲಿ ಮರಿಗಳು. ತೊಟ್ಟಿ ಕವುಚಿದ, ಸೊಳ್ಳೆ ಕಡಿಮೆಯಾಯಿತು. ಇದು ಅವನು ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡುಹಿಡಿಯುವುದಕ್ಕೆ 14 ವರ್ಷ ಮೊದಲು. ನೊಬೆಲ್ ಬಂದಿದ್ದು 1902ರಲ್ಲಿ. ನೀವು ತೊಟ್ಟಿ ಕವುಚೋದಲ್ಲ, ಇಡಬೇಕು. ಕಪ್ಪು ಬಣ್ಣದ ಎರಡು ಡಬ್ಬಿ ತಗೊಳ್ಳಿ, ಅರ್ಧ ನೀರು ಹಾಕಿ, ಒಳಗಡೆ ಸುತ್ತ ಒರಟು ಬಿಳಿ ಬಟ್ಟೆಯ ಪಟ್ಟಿ ಇಡಿ, ಅರ್ಧ ನೀರಲ್ಲಿ ಅರ್ಧ ಮೇಲೆ. ಒಂದು ಹಿತ್ತಲ ನೆರಳಲ್ಲಿ, ಒಂದು ಬಚ್ಚಲ ಪಕ್ಕ. ಐದು ದಿನಕ್ಕೊಮ್ಮೆ ಪಟ್ಟಿ ತೆಗೆದು ಲೆನ್ಸ್ ಹಿಡಿದು ನೋಡಿ. ಮಸಿಯ ಚುಕ್ಕಿಯಂತೆ, ಜೀರಿಗೆಗಿಂತ ಎಷ್ಟೋ ಸಣ್ಣಕ್ಕೆ ಕಾಣುವವು ಈಡಿಸ್ ಮೊಟ್ಟೆ. ಎಣಿಸಿ, ತಾರೀಕು ಹಾಕಿ, ಅವತ್ತು ಮಳೆ ಬಂತಾ ಇಲ್ಲವಾ ಬರೆದಿಡಿ. ಪಟ್ಟಿಯನ್ನು ಕುದಿಯುವ ನೀರಿಗೆ ಹಾಕಿ, ಡಬ್ಬಿ ತಿಕ್ಕಿ ತೊಳೆದು ಹೊಸ ನೀರು ಹಾಕಿ. ಐದು ದಿನ ಅನ್ನೋದನ್ನು ಮಾತ್ರ ತಪ್ಪಿಸಬೇಡಿ, ಮರೆತರೆ ನೀವೇ ಬೀದಿಗೆ ಸೊಳ್ಳೆ ಸಾಕಿಕೊಟ್ಟ ಹಾಗೆ. ಊರಿಗೆ ಹೋಗುವಾಗ ಡಬ್ಬಿ ಖಾಲಿ ಮಾಡಿ ಕವುಚಿ ಹೋಗಿ.

ನಾಲ್ಕು ತಿಂಗಳ ಲೆಕ್ಕ ಆದ ಮೇಲೆ ಆ ಪುಸ್ತಕ ಹಿಡಿದು ನಿಮ್ಮ ಜಿಲ್ಲೆಯ ಕೀಟಜನ್ಯ ರೋಗಗಳ ನಿಯಂತ್ರಣಾಧಿಕಾರಿ ಕಚೇರಿಗೆ ಹೋಗಿ. ಹಳಬರು ಈಗಲೂ ಅದಕ್ಕೆ ಮಲೇರಿಯಾ ಆಫೀಸು ಅಂತಾರೆ. ಕೀಟಶಾಸ್ತ್ರಜ್ಞರು ಯಾರು ಅಂತ ಕೇಳಿ, ಪುಸ್ತಕ ತೋರಿಸಿ, ಲಾರ್ವಾ ಸಮೀಕ್ಷೆಗೆ ಹೋಗುವಾಗ ನಾನೂ ಬರಬಹುದಾ ಅಂತ ಕೇಳಿ. ಸಂದರ್ಶನದಲ್ಲೂ ಅದೇ ಪುಸ್ತಕ ಮೇಜಿನ ಮೇಲಿಡಿ. ಬರೆಯೋದು ಮಾತ್ರ ಸೀಸದಕಡ್ಡಿಯಲ್ಲೇ.